ಸೆಲ್ಫ್ ಒತ್ತುವ ಮುನ್ನ ಬಾನೆಟ್ ಮುಟ್ಟಿ ನೋಡು

ಹಳೇ ಪೆಟ್ರೋಲ್ ಜೀಪ್ ಕೊಂಡೆಯಂತೆ. ಅದೂ ಡೀಸೆಲ್‌ಗೆ ಬದಲಾಯಿಸಿರದ, ಮೂಲ ಹರಿಕೇನ್ ಎಂಜಿನ್ನೇ ಇರುವ ಗಾಡಿ. ಒಳ್ಳೆಯದಾಯಿತು. ಮಲೆನಾಡು, ಕೊಡಗಿನ ತೋಟಗಳಲ್ಲಿ ಒಂದು ಕಾಲಕ್ಕೆ ಇಂಥವೇ ಟ್ರೇಲರ್ ಕಟ್ಟಿಕೊಂಡು ಕಾಫಿ ಮೂಟೆ, ಗೊಬ್ಬರ, ಆಳುಗಳನ್ನೆಲ್ಲ ಹೊತ್ತು ತಿರುಗುತ್ತಿದ್ದವು. ಪೆಟ್ರೋಲ್ ದುಬಾರಿಯಾದಂತೆ ಒಂದೊಂದರ ಹೊಟ್ಟೆಗೂ ಡೀಸೆಲ್ ಎಂಜಿನ್ ಬಂತು. ಪೆಟ್ರೋಲ್ ಎಂಜಿನ್ನನ್ನೇ ಉಳಿಸಿಕೊಂಡ ಕೆಲವರ ಬಾಯಲ್ಲಿ ಈಗಲೂ ಅದೇ ಹಳೇ ದೂರು: ಬೆಳಿಗ್ಗೆ ಬೇಗ ಸ್ಟಾರ್ಟ್ ಆಗೋದಿಲ್ಲ, ಘಾಟಿ ಹತ್ತಿ ನಿಲ್ಲಿಸಿದರೆ ಆಗೋದೇ ಇಲ್ಲ.

ಈ ದೂರಿನಲ್ಲಿ ಎಂಜಿನ್ನಿನ ಪಾಲು ಕಮ್ಮಿ, ಡ್ರೈವರಿನ ಬಲಗಾಲಿನ ಪಾಲು ಜಾಸ್ತಿ. ಈಗಿನ ಗಾಡಿಗಳಲ್ಲಿ ಎಂಜಿನ್ ಎಷ್ಟು ಬಿಸಿಯಿದೆ ಎಂದು ಸೆನ್ಸರ್ ನೋಡಿ ಹೇಳುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕಂಪ್ಯೂಟರ್ ಕೊಡುತ್ತದೆ. ಕಾರ್ಬುರೇಟರ್ ಗಾಡಿಯಲ್ಲಿ ಆ ಕೆಲಸ ನಿನ್ನದು. ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲ್ ಸಾಲುವುದಿಲ್ಲ, ಬಿಸಿಯಾದದ್ದಕ್ಕೆ ಒಂದೋ ಹೆಚ್ಚಾಗಿರುತ್ತದೆ, ಇಲ್ಲವೇ ಬರುವುದೇ ನಿಂತಿರುತ್ತದೆ. ಮೂರಕ್ಕೂ ಒಂದೇ ಮದ್ದು ಕೊಡುವವನ ಬ್ಯಾಟರಿ ಖಾಲಿಯಾಗದೆ ಇನ್ನೇನಾಗುತ್ತದೆ? ಮಿಲಿಟರಿ ಹರಾಜಿನಿಂದ ಬಂದ ಜೋಂಗಾ, ನಿಸ್ಸಾನ್ ಒನ್ ಟನ್ ಇಟ್ಟುಕೊಂಡವರಿಗೂ ಇದೇ ಮಾತು. ಸಿಲಿಂಡರ್ ನಾಲ್ಕಿದ್ದದ್ದು ಆರಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ತಣ್ಣಗಿರುವಾಗ

• ಮೊದಲು ಬಾನೆಟ್ ಎತ್ತಿ ರೇಡಿಯೇಟರ್ ಮೇಲ್ತಲೆಯನ್ನು ಮುಟ್ಟು. ಸಂಪೂರ್ಣ ತಣ್ಣಗಿದ್ದರೆ ಚೋಕ್ ಬೇಕು. ಬೆಚ್ಚಗಿದ್ದರೆ, ಅಂದರೆ ಗಂಟೆ ಎರಡು ಗಂಟೆ ಹಿಂದೆ ನಿಲ್ಲಿಸಿದ್ದಾದರೆ, ಅರ್ಧ ಚೋಕ್ ಅಥವಾ ಅದೂ ಬೇಡ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಚೋಕಿನ ಗುಂಡಿಯತ್ತ ಕೈಯೇ ಹೋಗಬಾರದು.

• ಚೋಕ್ ಯಾಕೆ ಅಂತ ತಿಳಿದುಕೊಂಡರೆ ಎಷ್ಟು ಎಳೆಯಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ. ಉರಿಯುವುದು ಪೆಟ್ರೋಲಿನ ಆವಿ, ದ್ರವವಲ್ಲ. ಬಿಸಿ ಎಂಜಿನ್ನಿನಲ್ಲಿ ಸುಮಾರು ಹದಿನೈದು ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್, ತೂಕದ ಲೆಕ್ಕದಲ್ಲಿ, ಸಾಕು. ತಣ್ಣನೆಯ ಎಂಜಿನ್ನಿನಲ್ಲಿ ಕಾರ್ಬುರೇಟರಿನಿಂದ ಹೊರಟ ಪೆಟ್ರೋಲಿನ ಹೆಚ್ಚು ಭಾಗ ಒಳದಾರಿಯ ಕಬ್ಬಿಣಕ್ಕೆ ಅಂಟಿಕೊಂಡು ಹನಿಯಾಗಿಯೇ ಉಳಿಯುತ್ತದೆ, ಆವಿಯಾಗಿ ಸಿಲಿಂಡರಿಗೆ ತಲುಪುವುದು ಹಗುರವಾದ ಒಂದಿಷ್ಟು ಮಾತ್ರ. ಆ ಒಂದಿಷ್ಟೇ ಕಿಡಿಗೆ ಸಾಲಬೇಕಾದರೆ ಕಳಿಸುವುದನ್ನು ಹಲವು ಪಟ್ಟು ಹೆಚ್ಚಿಸಬೇಕು. ಚೋಕ್ ಎಳೆದಾಗ ಕಾರ್ಬುರೇಟರಿನ ಬಾಯಿಗೆ ತಗಡಿನ ಮುಚ್ಚಳ ಬೀಳುತ್ತದೆ, ಗಾಳಿ ಕಮ್ಮಿಯಾಗುತ್ತದೆ, ಎಳೆತ ಜೆಟ್ಟಿನ ಮೇಲೆ ಬಿದ್ದು ಪೆಟ್ರೋಲ್ ಜಾಸ್ತಿ ಬರುತ್ತದೆ. ಅಷ್ಟೇ ವಿಷಯ. ಹಾಗಾಗಿ ಡಿಸೆಂಬರಿನ ಮುಂಜಾನೆ ಮೂಡಿಗೆರೆಯಲ್ಲೋ ಮಡಿಕೇರಿಯಲ್ಲೋ ಪೂರ್ತಿ ಎಳೆ. ಏಪ್ರಿಲಿನ ಮಂಗಳೂರಿನಲ್ಲಿ ಕಾಲುಭಾಗ ಎಳೆದರೂ ಹೆಚ್ಚಾದೀತು.

• ಕ್ರಮ ಹೀಗಿರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಲೈಟ್ ಆಫ್. ಕ್ಲಚ್ ಪೂರ್ತಿ ತುಳಿದಿರು, ಚಳಿಗೆ ಗಟ್ಟಿಯಾದ ಗೇರ್ ಆಯಿಲನ್ನು ಕಡೆಯುವ ಕೆಲಸವಾದರೂ ಸೆಲ್ಫ್ ಮೋಟರಿಗೆ ತಪ್ಪಲಿ. ಚೋಕ್ ಎಳೆ. ಎಕ್ಸಿಲೇಟರನ್ನು ಎರಡು ಸಲ ನಿಧಾನಕ್ಕೆ ಪೂರ್ತಿ ತುಳಿದು ಬಿಡು, ಆಮೇಲೆ ಕಾಲು ತೆಗೆ. ಈಗ ಸೆಲ್ಫ್ ಹೊಡೆ. ಐದಾರು ಸೆಕೆಂಡಿನೊಳಗೆ ಒಂದೆರಡು ಸಲ ಕೆಮ್ಮುತ್ತದೆ. ಕೆಮ್ಮಿದೊಡನೆ ಚೋಕನ್ನು ಅರ್ಧಕ್ಕೆ ತಳ್ಳಿ ಇನ್ನೊಮ್ಮೆ ಹೊಡೆದರೆ ಹಿಡಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಮೊದಲ ಕೆಮ್ಮಿನ ಬಳಿಕವೂ ಪೂರ್ತಿ ಚೋಕಿನಲ್ಲಿ ಸೆಲ್ಫ್ ಹೊಡೆಯುತ್ತಾ ಹೋಗಿ ಪ್ಲಗ್ ತೋಯಿಸುತ್ತಾರೆ.

• ಎಕ್ಸಿಲೇಟರ್ ಎರಡು ಸಲ ಅಂದೆ, ಎಂಟು ಸಲ ಅಲ್ಲ. ಕಾರ್ಬುರೇಟರಿನ ಪಕ್ಕದಲ್ಲೊಂದು ಪುಟ್ಟ ಪಂಪ್ ಇದೆ. ಕಾಲು ಒತ್ತಿದಾಗಲೆಲ್ಲ ಅದು ಹಸಿ ಪೆಟ್ರೋಲನ್ನು ಪಿಚಕಾರಿಯಂತೆ ಒಳಗೆ ಚಿಮ್ಮಿಸುತ್ತದೆ, ಎಂಜಿನ್ ತಿರುಗುತ್ತಿರಲಿ ಬಿಡಲಿ. ನಂಬಿಕೆ ಬಾರದಿದ್ದರೆ ಎಂಜಿನ್ ನಿಂತಿರುವಾಗ ಏರ್ ಕ್ಲೀನರಿನ ಕೊಳವೆ ಬಿಚ್ಚಿ, ಟಾರ್ಚ್ ಬಿಟ್ಟು ಒಳಗೆ ನೋಡುತ್ತಾ ಥ್ರಾಟಲ್ ಕಡ್ಡಿಯನ್ನು ಕೈಯಿಂದ ಎಳೆ. ದಾರದಷ್ಟು ಸಣ್ಣ ಧಾರೆಯೊಂದು ಗೋಡೆಗೆ ಬಡಿದು ಕೆಳಗಿಳಿಯುವುದು ಕಾಣುತ್ತದೆ. ಟಾರ್ಚ್ ಅಂದದ್ದು ಗಮನವಿರಲಿ, ಬೆಂಕಿಕಡ್ಡಿ ಗೀರಿ ನೋಡುವವರೂ ಇದ್ದಾರೆ.

• ಆ ಧಾರೆ ಕಾಣದಿದ್ದರೆ ಫ್ಲೋಟ್ ಚೇಂಬರ್, ಅಂದರೆ ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲು, ಖಾಲಿ. ಹತ್ತು ಹದಿನೈದು ದಿನ ನಿಂತ ಗಾಡಿಯಲ್ಲಿ ಇದು ಮಾಮೂಲು, ಬಟ್ಟಲಿನಲ್ಲಿದ್ದ ಪೆಟ್ರೋಲ್ ಆರಿಹೋಗಿರುತ್ತದೆ. ಆಗ ಎಕ್ಸಿಲೇಟರ್ ಎಷ್ಟು ತುಳಿದರೂ ಪ್ರಯೋಜನವಿಲ್ಲ, ಇಲ್ಲದ್ದು ಎಲ್ಲಿಂದ ಚಿಮ್ಮಬೇಕು? ಫ್ಯೂಯೆಲ್ ಪಂಪಿನ ಬುಡದಲ್ಲಿ ಕೈಯಲ್ಲಿ ಆಡಿಸುವ ಸಣ್ಣ ಕಡ್ಡಿಯಿದ್ದರೆ ನಿನ್ನ ಪುಣ್ಯ. ಅದನ್ನು ಬಿಗಿ ಸಡಿಲವಾಗುವವರೆಗೆ ಆಡಿಸಿದರೆ ಬಟ್ಟಲು ತುಂಬುತ್ತದೆ. ಕಡ್ಡಿ ಇಲ್ಲದಿದ್ದರೆ ಚೋಕ್ ಮುಟ್ಟದೆ ಹತ್ತು ಸೆಕೆಂಡು ಸೆಲ್ಫ್, ಒಂದು ನಿಮಿಷ ವಿಶ್ರಾಂತಿ, ಮತ್ತೆ ಹತ್ತು ಸೆಕೆಂಡು. ಬಟ್ಟಲು ತುಂಬಿತು ಎಂದು ಕಂಡ ಮೇಲೆ ಚೋಕ್ ಎಳೆದು ಮಾಮೂಲಿನಂತೆ ಶುರು ಮಾಡು.

• ಕಾರ್ಬುರೇಟರಿನ ಬಾಯಿಗೆ ಬಾಟಲಿಯಿಂದ ಪೆಟ್ರೋಲ್ ಸುರಿಯುತ್ತಾ ಇನ್ನೊಬ್ಬನಿಗೆ ಸೆಲ್ಫ್ ಹೊಡೆಯಲು ಹೇಳುವ ಪದ್ಧತಿ ಎಲ್ಲ ಗ್ಯಾರೇಜಿನಲ್ಲೂ ಉಂಟು. ನೀನು ಮಾಡಬೇಡ. ಎಂಜಿನ್ ಒಮ್ಮೆ ಹಿಂದಕ್ಕೆ ಢಮ್ ಎಂದರೆ ಬೆಂಕಿ ನೇರ ಮೇಲಕ್ಕೆ ಬರುತ್ತದೆ, ಕೈಯಲ್ಲಿ ಬಾಟಲಿ ಇರುತ್ತದೆ. ಸುರಿಯಲೇಬೇಕಾದರೆ ಒಂದು ಚಮಚ ಸುರಿದು, ಬಾಟಲಿಗೆ ಬಿರಡೆ ಹಾಕಿ ದೂರ ಇಟ್ಟು, ಏರ್ ಕ್ಲೀನರಿನ ಕೊಳವೆ ಸಿಕ್ಕಿಸಿ, ಆಮೇಲೆ ಸೆಲ್ಫ್.

• ಈಥರ್ ಸ್ಪ್ರೇ ಬೇಡ.

• ಸೆಲ್ಫ್ ಮೋಟರನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡ. ಅದರ ಒಳಗಿನ ಸುರುಳಿ ಕಾಯುವುದು ಬೇಗ, ಆರುವುದು ತಡ. ಹಳೇ ಜೀಪುಗಳಲ್ಲಿ 6 ವೋಲ್ಟಿನವೂ ಇವೆ. ಅವಕ್ಕೆ 12 ವೋಲ್ಟಿನ ಗಾಡಿಯ ತೆಳು ಕೇಬಲ್ ಹಾಕಿ, ಬ್ಯಾಟರಿ ಸರಿಯಿಲ್ಲ ಎಂದು ಬ್ಯಾಟರಿ ಬದಲಾಯಿಸುತ್ತಲೇ ಇರುವವರಿದ್ದಾರೆ. ಅದೇ ಕೆಲಸಕ್ಕೆ 6 ವೋಲ್ಟಿನಲ್ಲಿ ಎರಡು ಪಟ್ಟು ಕರೆಂಟು ಹರಿಯಬೇಕು, ಕೇಬಲ್ ಅಷ್ಟು ದಪ್ಪ ಇರಬೇಕು. ಎಂಜಿನ್ನಿನಿಂದ ಚಾಸಿಗೆ ಬರುವ ಅರ್ಥಿಂಗ್ ಪಟ್ಟಿಯ ಎರಡೂ ತುದಿ ಬಿಚ್ಚಿ ಉಜ್ಜಿ ಹಾಕು. ಖರ್ಚಿಲ್ಲದ ಈ ಕೆಲಸದಿಂದಲೇ ಎಷ್ಟೋ ಜೀಪುಗಳ ಬೆಳಗಿನ ರಗಳೆ ಮುಗಿದಿದೆ.

• ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಪೆಟ್ರೋಲಿಗಿಂತ ಮೊದಲು ಕಿಡಿಯನ್ನು ಅನುಮಾನಿಸು. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಮೈಯಲ್ಲಿ ಮಂಜಿನಂತೆ ತೇವ ಕೂತಿದ್ದರೆ ಕಿಡಿ ಪ್ಲಗ್ಗಿಗೆ ಹೋಗದೆ ಅಲ್ಲಲ್ಲೇ ಸೋರಿಹೋಗುತ್ತದೆ. ಕ್ಯಾಪ್ ಬಿಚ್ಚಿ ಒಣ ಹತ್ತಿಬಟ್ಟೆಯಿಂದ ಒರೆಸು. ಪ್ಲಗ್ ವೈರುಗಳನ್ನು ತೆಗೆದರೆ ಒಂದೊಂದಾಗಿಯೇ ತೆಗೆದು ಹಾಕು. ಹರಿಕೇನಿನ ಫೈರಿಂಗ್ ಆರ್ಡರ್ 1-3-4-2, ಅದಲುಬದಲಾದರೆ ಬರೇ ಢಮಾರ್ ಢಮಾರ್. ಪಾಯಿಂಟ್ ಗ್ಯಾಪ್ ಅರ್ಧ ಮಿಲಿಮೀಟರ್, ಪ್ಲಗ್ ಗ್ಯಾಪ್ ಮುಕ್ಕಾಲು ಮಿಲಿಮೀಟರ್ ಇರಲಿ. ಫೀಲರ್ ಗೇಜ್ ದುಬಾರಿಯೇನಲ್ಲ, ಬ್ಲೇಡು ತೂರಿಸಿ ಅಂದಾಜು ಮಾಡುವುದನ್ನು ಬಿಡು.

• ಸ್ಟಾರ್ಟ್ ಆದ ಮೇಲೆ ಅರ್ಧ ಗಂಟೆ ನಿಂತಲ್ಲೇ ಗುರ್ ಅನ್ನಲು ಬಿಟ್ಟು ಕಾಫಿ ಕುಡಿಯಲು ಹೋಗಬೇಡ. ಒಂದು ನಿಮಿಷ ಸಾಕು, ಆಮೇಲೆ ಮೆಲ್ಲಗೆ ಹೊರಡು. ಓಡುತ್ತಲೇ ಬೇಗ ಬಿಸಿಯಾಗುತ್ತದೆ. ಬಿಸಿಯಾದಂತೆ ಚೋಕನ್ನು ಹಂತಹಂತವಾಗಿ ಒಳಗೆ ತಳ್ಳು. ಚೋಕ್ ಮರೆತು ಪೇಟೆವರೆಗೆ ಹೋದರೆ ಹೊಗೆ ಕಪ್ಪಾಗುವುದು, ಮೈಲೇಜ್ ಬೀಳುವುದು ಸಣ್ಣ ವಿಷಯ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿನ ಸಂಪಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡು. ಪೆಟ್ರೋಲ್ ವಾಸನೆ ಹೊಡೆದರೆ, ಆಯಿಲ್ ಮಟ್ಟ ಹಾಕಿದ್ದಕ್ಕಿಂತ ಮೇಲೆ ಬಂದಿದ್ದರೆ, ಆಯಿಲ್ ಬದಲಾಯಿಸದೆ ಗಾಡಿ ಓಡಿಸಬೇಡ. ಚೋಕ್ ತಪ್ಪಿಲ್ಲದೆಯೂ ಹೀಗಾದರೆ ಫ್ಯೂಯೆಲ್ ಪಂಪಿನ ಡಯಾಫ್ರಂ ಹರಿದಿದೆ ಎಂದು ತಿಳಿ.

ಬಿಸಿಯಾಗಿರುವಾಗ

ಚಳಿಯ ಸ್ಟಾರ್ಟಿಂಗ್ ಯಾರಾದರೂ ಎರಡು ದಿನದಲ್ಲಿ ಕಲಿಯುತ್ತಾರೆ. ಮನುಷ್ಯನನ್ನು ಪರೀಕ್ಷಿಸುವುದು ಬಿಸಿ ಎಂಜಿನ್ನು. ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸುತ್ತೀ. ಐದು ನಿಮಿಷದಲ್ಲಿ ವಾಪಸ್ ಬಂದರೆ ಮುಟ್ಟಿದ ಕೂಡಲೇ ಸ್ಟಾರ್ಟ್. ದೋಸೆ ತಿಂದು, ಕಾಫಿ ಕುಡಿದು, ಇಪ್ಪತ್ತು ನಿಮಿಷಕ್ಕೆ ಬಂದರೆ ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಜನ ಇದನ್ನು ವಿಚಿತ್ರ ಅನ್ನುತ್ತಾರೆ. ಓಡುವಾಗ ರೇಡಿಯೇಟರ್ ನೀರು, ಫ್ಯಾನಿನ ಗಾಳಿ, ಒಳಗೆ ಹರಿಯುವ ತಣ್ಣನೆ ಪೆಟ್ರೋಲ್ ಮೂರೂ ಸೇರಿ ಕಾರ್ಬುರೇಟರನ್ನು ತಂಪಾಗಿಟ್ಟಿರುತ್ತವೆ. ನಿಲ್ಲಿಸಿದೊಡನೆ ಮೂರೂ ನಿಂತವು. ಎಂಜಿನ್ನಿನ ಕಬ್ಬಿಣದ ಶಾಖವೆಲ್ಲ ಮೇಲಕ್ಕೆ ಏರುತ್ತಾ ಹೋಗುತ್ತದೆ. ಹೀಗಾಗಿ ಕಾರ್ಬುರೇಟರ್ ಅತಿ ಹೆಚ್ಚು ಬಿಸಿಯಾಗುವುದು ಘಾಟಿ ಹತ್ತುವಾಗಲ್ಲ, ನಿಲ್ಲಿಸಿದ ಹತ್ತಿಪ್ಪತ್ತು ನಿಮಿಷದ ಮೇಲೆ. ಪೆಟ್ರೋಲಿನ ಹಗುರ ಭಾಗ 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಲು ಶುರುವಾಗುತ್ತದೆ ಎಂಬುದನ್ನು ಇದರ ಜೊತೆ ಇಟ್ಟು ನೋಡು.

• ಹಾಗೆ ಕುದಿದಾಗ ಆಗುವ ತೊಂದರೆ ಎರಡು ಬಗೆ, ಒಂದಕ್ಕೊಂದು ತದ್ವಿರುದ್ಧ. ಬಟ್ಟಲಿನಲ್ಲಿ ಕುದಿದು ಉಕ್ಕಿದರೆ ಪೆಟ್ರೋಲ್ ಎಂಜಿನ್ನಿನೊಳಗೆ ಇಳಿದು ಹೆಚ್ಚಾಗುತ್ತದೆ. ಪೈಪಿನಲ್ಲಿ, ಪಂಪಿನಲ್ಲಿ ಕುದಿದರೆ ಅಲ್ಲಿ ಆವಿಯ ಗುಳ್ಳೆ ತುಂಬಿ ಪೆಟ್ರೋಲ್ ಬರುವುದೇ ನಿಲ್ಲುತ್ತದೆ, ಮೆಕ್ಯಾನಿಕ್ಕುಗಳು ಏರ್‌ಲಾಕ್ ಅನ್ನುವುದು ಇದಕ್ಕೇ. ಯಾವುದು ಎಂದು ತಿಳಿಯಲು ಮೂಗು ಸಾಕು. ಬಾನೆಟ್ ಎತ್ತಿದಾಗ ಘಾಟು ಪೆಟ್ರೋಲ್ ವಾಸನೆ ಬಂದರೆ ಹೆಚ್ಚಾಗಿದೆ. ವಾಸನೆ ಇಲ್ಲ, ಥ್ರಾಟಲ್ ಎಳೆದರೆ ಧಾರೆಯೂ ಇಲ್ಲ ಅಂದರೆ ಏರ್‌ಲಾಕ್.

• ಹೆಚ್ಚಾಗಿದ್ದರೆ: ಚೋಕ್ ಪೂರ್ತಿ ಒಳಗೆ. ಎಕ್ಸಿಲೇಟರನ್ನು ಒಂದೇ ಸಲ, ನಿಧಾನಕ್ಕೆ, ನೆಲದವರೆಗೆ ಒತ್ತಿ ಅಲ್ಲೇ ಹಿಡಿದಿರು. ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದರೆ ಆ ಪುಟ್ಟ ಪಂಪ್ ಇನ್ನಷ್ಟು ಸುರಿಯುತ್ತದೆ. ಥ್ರಾಟಲ್ ಪೂರ್ತಿ ತೆರೆದಿದ್ದರೆ ಬರೇ ಗಾಳಿ ಹೆಚ್ಚು ನುಗ್ಗಿ ಒಳಗಿನ ಪೆಟ್ರೋಲನ್ನು ಒಣಗಿಸುತ್ತದೆ. ಹಾಗೇ ಹಿಡಿದು ಎಂಟು ಹತ್ತು ಸೆಕೆಂಡು ಸೆಲ್ಫ್. ಮೊದಲು ಒಂದು ಸಿಲಿಂಡರ್, ಆಮೇಲೆ ಇನ್ನೊಂದು ಹಿಡಿದು, ಕಪ್ಪು ಹೊಗೆ ಕಾರಿ ಎಂಜಿನ್ ಏಳುತ್ತದೆ. ಎದ್ದ ಮೇಲಷ್ಟೇ ಕಾಲು ಸಡಿಲಿಸು. ಎರಡು ಸಲಕ್ಕೂ ಆಗದಿದ್ದರೆ ಪ್ಲಗ್ ಬಿಚ್ಚಿ ಒರೆಸಿ ಬಿಸಿಲಿಗಿಡು, ಮೂರನೆಯ ಸಲ ಬ್ಯಾಟರಿಯನ್ನು ಕೊಲ್ಲಬೇಡ.

• ಏರ್‌ಲಾಕ್ ಆಗಿದ್ದರೆ ಬಾನೆಟ್ ತೆರೆದು ಸುಮ್ಮನೆ ಕೂರುವುದು ಎಲ್ಲಕ್ಕಿಂತ ಒಳ್ಳೆಯ ಮದ್ದು. ಅವಸರವಿದ್ದರೆ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ ಫ್ಯೂಯೆಲ್ ಪಂಪಿಗೂ ಅಲ್ಲಿಂದ ಮೇಲೇರುವ ಪೈಪಿಗೂ ಸುತ್ತು. ಈ ಜೀಪಿನಲ್ಲಿ ಪಂಪ್ ಎಂಜಿನ್ನಿಗೇ ಕಚ್ಚಿಕೊಂಡಿದೆ, ಅದೂ ಎಕ್ಸಾಸ್ಟ್ ಇರುವ ಎಡಮಗ್ಗುಲಲ್ಲಿ, ಕಾಯದೆ ಇರುತ್ತದೆಯೇ? ಒದ್ದೆ ಬಟ್ಟೆ ಅಂದೆ, ಕೊಡಪಾನ ಅಲ್ಲ. ಕೆಂಪಗೆ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ತಣ್ಣೀರು ಬಿದ್ದರೆ ಬೀಡುಕಬ್ಬಿಣ ಬಿರುಕು ಬಿಡುತ್ತದೆ. ಅಮೆರಿಕದ ಹಳೇ ಡ್ರೈವರುಗಳು ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಪೆಟ್ರೋಲ್ ಪೈಪಿಗೆ ಸಾಲಾಗಿ ಸಿಕ್ಕಿಸುತ್ತಿದ್ದರು. ನಮ್ಮಲ್ಲೂ ಕೆಲವರು ಮಾಡಿದ್ದನ್ನು ಕಂಡಿದ್ದೇನೆ. ನೋಡಲು ಚೆಂದ, ಅದಕ್ಕಿಂತ ಹೆಚ್ಚಿನ ಉಪಯೋಗ ಇದ್ದಂತಿಲ್ಲ. ಪೈಪನ್ನು ಎಕ್ಸಾಸ್ಟಿನಿಂದ ನಾಲ್ಕು ಬೆರಳು ದೂರ ಸರಿಸಿ, ನಡುವೆ ಒಂದು ತಗಡಿನ ಮರೆ ಕೊಟ್ಟರೆ ಫಲ ಕಾಣುತ್ತದೆ.

• ನಿಲ್ಲಿಸುವಾಗಿನ ಕ್ರಮದಿಂದಲೇ ಅರ್ಧ ತೊಂದರೆ ತಪ್ಪುತ್ತದೆ. ಘಾಟಿ ಹತ್ತಿದ ಕೂಡಲೇ ಕೀ ತಿರುಗಿಸಬೇಡ. ಎರಡು ನಿಮಿಷ ಐಡಲಿನಲ್ಲಿ ಬಿಡು, ನೀರು ತಿರುಗಿ ಶಾಖ ಇಳಿಯಲಿ. ಮೂತಿಯನ್ನು ಗಾಳಿ ಬರುವ ಕಡೆಗೆ ಮಾಡಿ ನಿಲ್ಲಿಸು. ಬಾನೆಟ್ಟಿನ ಕೊಕ್ಕೆ ಬಿಚ್ಚಿ ಎತ್ತಿಟ್ಟು ದೋಸೆಗೆ ಹೋಗು. ಯಾರಾದರೂ ಕೆಟ್ಟು ನಿಂತಿದೆಯಾ ಅಂತ ಕೇಳಿದರೆ ಕೇಳಲಿ.

• ಬಿಸಿಯಾದಾಗ ಮಾತ್ರ ಕಿಡಿ ಕೈಕೊಡುವುದೂ ಉಂಟು. ಕಂಡೆನ್ಸರ್ ಮತ್ತು ಕಾಯಿಲ್ ಎರಡೂ ತಣ್ಣಗಿದ್ದಾಗ ಒಳ್ಳೆಯ ಮಕ್ಕಳು, ಕಾದಾಗ ಒಳಗಿನ ನಿರೋಧಕ ಪದರ ಸೋಲುತ್ತದೆ. ಅರ್ಧ ಗಂಟೆ ಬಿಟ್ಟರೆ ತಾನಾಗಿ ಸರಿ, ಹತ್ತು ಕಿಲೋಮೀಟರಿಗೆ ಮತ್ತೆ ಅದೇ ಕತೆ. ಎಷ್ಟೋ ಒಳ್ಳೆಯ ಕಾರ್ಬುರೇಟರುಗಳನ್ನು ಈ ಒಂದು ಕಂಡೆನ್ಸರಿನ ತಪ್ಪಿಗೆ ಬಿಚ್ಚಿ ಹಾಳು ಮಾಡಿದ್ದಾರೆ. ಪರೀಕ್ಷೆ ಸುಲಭ. ತೊಂದರೆ ಇರುವಾಗಲೇ, ಬಿಸಿಯಲ್ಲೇ, ಒಂದು ಹೊಸ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಕಾರ್ಬುರೇಟರಿನಿಂದ ದೂರದಲ್ಲಿ ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ ಸೆಲ್ಫ್ ಹೊಡೆಸು. ಪೆಟ್ರೋಲ್ ಚೆಲ್ಲಿರುವಾಗ ಮಾತ್ರ ಬೇಡ. ಕಿಡಿ ನೀಲಿಯಾಗಿ ಟಕ್ ಟಕ್ ಎಂದರೆ ಪೆಟ್ರೋಲ್ ಕಡೆ ಹುಡುಕು, ಹಳದಿಯಾಗಿ ಸತ್ತಂತಿದ್ದರೆ ಕಂಡೆನ್ಸರ್ ಬದಲಾಯಿಸು, ಆಮೇಲೆ ಕಾಯಿಲ್. ಬಿಡಿ ಕಂಡೆನ್ಸರ್ ಮತ್ತು ಒಂದು ಸೆಟ್ ಪಾಯಿಂಟ್ ಡ್ಯಾಶಿನ ಪೆಟ್ಟಿಗೆಯಲ್ಲಿ ಯಾವಾಗಲೂ ಇರಲಿ.

• ಬಿಸಿಯಲ್ಲಿ ಸೆಲ್ಫ್ ಎಳೆಯಲಾರದೆ ತಡವರಿಸಿ ನಿಂತರೆ ಟೈಮಿಂಗ್ ಮುಂದಕ್ಕಿದೆಯೇ ನೋಡಿಸು. ಪಿಸ್ಟನ್ ಮೇಲೇರುವ ಮೊದಲೇ ಉರಿ ಹತ್ತಿ ಅದನ್ನು ಹಿಂದಕ್ಕೆ ದೂಡುತ್ತಿರುತ್ತದೆ.

• ಟ್ಯಾಪೆಟ್ ಗ್ಯಾಪನ್ನು ಮರೆಯಬೇಡ. ಈ ಎಂಜಿನ್ನು ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂತು. ಗಾಳಿಗೆ, ಮಕ್ಕಳಿಗೆ ಒಳ್ಳೆಯದೇ ಆಯಿತು, ಆದರೆ ಮೆದು ಸೀಟಿನ ಹಳೇ ಎಂಜಿನ್ನುಗಳಲ್ಲಿ ಭಾರ ಎಳೆಯುವಾಗ ಎಕ್ಸಾಸ್ಟ್ ವಾಲ್ವ್ ಸೀಟು ಸವೆಯುತ್ತದೆ. ಸವೆದಂತೆ ವಾಲ್ವ್ ಒಳಕ್ಕೆ ಕೂತು ಗ್ಯಾಪ್ ಮುಚ್ಚುತ್ತಾ ಬರುತ್ತದೆ. ಕಾದು ಉದ್ದವಾದಾಗ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ, ಕಂಪ್ರೆಶನ್ ಸೋರಿಹೋಗುತ್ತದೆ. ಹೆಡ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಸೀಟು ಕೂರಿಸಿಬಿಡು.

ಹ್ಯಾಂಡಲ್, ಇಳಿಜಾರು, ಪೆಟ್ರೋಲ್

• ಮುಂದಿನ ಬಂಪರಿನ ತೂತಿನಲ್ಲಿ ಹ್ಯಾಂಡಲ್ ತೂರಿಸಿ ಸ್ಟಾರ್ಟ್ ಮಾಡುವುದು ಗತ್ತಿನ ಕೆಲಸ, ಮುಂಗೈ ಮುರಿಯುವ ಕೆಲಸವೂ ಹೌದು. ಗೇರ್ ನ್ಯೂಟ್ರಲ್ ಇದೆಯೇ ಎಂದು ನೀನೇ ನೋಡು, ಒಳಗೆ ಕೂತವನ ಮಾತು ನಂಬಬೇಡ. ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು ಹಿಡಿ, ಹ್ಯಾಂಡಲನ್ನು ಸುತ್ತಿ ಹಿಡಿಯಬೇಡ. ಕೆಳಗಿನಿಂದ ಮೇಲಕ್ಕೆ ಎಳೆ, ಯಾವತ್ತೂ ಮೇಲಿನಿಂದ ಕೆಳಕ್ಕೆ ಒತ್ತಬೇಡ. ಎಂಜಿನ್ ವಾಪಸ್ ಹೊಡೆದರೆ ಮೇಲಕ್ಕೆ ಎಳೆಯುವ ಕೈಯಿಂದ ಹ್ಯಾಂಡಲ್ ಜಾರಿ ಹೋಗುತ್ತದೆ, ಕೆಳಕ್ಕೆ ಒತ್ತುವ ಕೈಯನ್ನು ಅದು ಹೊತ್ತೊಯ್ಯುತ್ತದೆ. ತೋಟಗಳಲ್ಲಿ ಸೊಟ್ಟ ಮಣಿಕಟ್ಟಿನ ಹಿರಿಯ ಡ್ರೈವರುಗಳನ್ನು ಕಂಡರೆ ಕಾರಣ ಕೇಳು.

• ಬ್ಯಾಟರಿ ಅನುಮಾನವಿದ್ದರೆ ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿ ನಿಲ್ಲಿಸು, ಚಕ್ರಕ್ಕೆ ಕಲ್ಲು ಕೊಡು. ಸ್ಟಾರ್ಟ್ ಮಾಡುವಾಗ ಇಗ್ನಿಷನ್ ಆನ್, ಸೆಕೆಂಡ್ ಗೇರ್, ಕ್ಲಚ್ ತುಳಿದು ಉರುಳಲು ಬಿಟ್ಟು, ವೇಗ ಬಂದಾಗ ಕ್ಲಚ್ ಬಿಡು. ಫಸ್ಟ್ ಗೇರಿನಲ್ಲಿ ಬಿಟ್ಟರೆ ಚಕ್ರ ಉಜ್ಜಿ ನಿಲ್ಲುತ್ತದೆ. ಕೀ ಆನ್ ಮಾಡದೆ ಅರ್ಧ ಇಳಿಜಾರು ಮುಗಿಸುವವರೂ ಇದ್ದಾರೆ.

• ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಹಳೇ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಹೀರಿದ್ದು ಜಾಸ್ತಿಯಾದರೆ ನೀರೂ ಎಥನಾಲೂ ಸೇರಿ ತಳಕ್ಕಿಳಿಯುತ್ತವೆ. ಪಂಪಿನ ಮೇಲೋ ಕೆಳಗೋ ಇರುವ ಗಾಜಿನ ಬಟ್ಟಲನ್ನು ವಾರಕ್ಕೊಮ್ಮೆ ನೋಡು, ತಳದಲ್ಲಿ ಬೇರೆ ಬಣ್ಣದ ಪದರ ಕಂಡರೆ ಬಿಚ್ಚಿ ಚೆಲ್ಲು. ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಎಲ್ಲ ರಬ್ಬರ್ ಹೋಸುಗಳನ್ನು, ಪಂಪಿನ ಡಯಾಫ್ರಂ ಅನ್ನು ಎಥನಾಲ್ ತಡೆಯುವಂಥದ್ದಕ್ಕೆ ಈ ತಿಂಗಳೇ ಬದಲಾಯಿಸು. ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸುವುದಾದರೆ ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ ನಿಲ್ಲಿಸು.

• ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡ. ಚೋಕ್ ಎಳೆದ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹೇರಳ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ.

• ಕೊನೆಯದಾಗಿ, ಈ ಜೀಪಿನ ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಅಡಿಯಲ್ಲೇ, ನೀನು ಕೂರುವ ಜಾಗದಲ್ಲಿ. ಪೆಟ್ರೋಲ್ ಬೆಂಕಿಗೆ ನೀರು ಆಗುವುದಿಲ್ಲ, ಬೆಂಕಿ ಆರಿಸುವ ಒಣಪುಡಿಯ ಸಿಲಿಂಡರ್ ಬೇಕು. ಹೊಸ ಸೀಟ್ ಕವರ್, ಮೇಲ್ಛಾವಣಿ, ದಪ್ಪ ಟೈರು ಎಲ್ಲ ಆಮೇಲಾಗಲಿ, ಮೊದಲು ಅಂಥದ್ದೊಂದನ್ನು ಕೊಂಡು ಕೈಗೆ ಸಿಗುವಲ್ಲಿ ಕಟ್ಟು.